ಕ್ಲಾಸ್ ವಿನ್ಯಾಸದಿಂದ ಸೀರಿಯಲೈಸೇಶನ್ ಬೇರ್ಪಡಿಸುವುದು: ಸಮಗ್ರ ಮಾರ್ಗದರ್ಶಿ

ಒಂದು ಪ್ರೈವೇಟ್ (ಕ್ಲಾಸಿನೊಳಗಷ್ಟೇ ಕಾಣಬೇಕಾದ) ಫೀಲ್ಡಿನ ಹೆಸರು ಬದಲಾಯಿಸಿದಿರಿ. ನಿನ್ನೆಯವರೆಗೆ ತೆರೆಯುತ್ತಿದ್ದ ಫೈಲುಗಳು ಇಂದು ತೆರೆಯುತ್ತಿಲ್ಲ. ಹಾಗಾದರೆ ಆ ಫೀಲ್ಡ್ ಎಂದೂ ಪ್ರೈವೇಟ್ ಆಗಿರಲಿಲ್ಲ; ಡಿಸ್ಕಿನಲ್ಲಿರುವ ಪ್ರತಿಯೊಂದು ಹಳೆಯ ಫೈಲೂ ಅದನ್ನು ಹೆಸರು ಹಿಡಿದು ನೆಚ್ಚಿಕೊಂಡಿತ್ತು. ಆಬ್ಜೆಕ್ಟನ್ನು ಬೈಟ್‌ಗಳಾಗಿ ಬರೆಯುವುದೇ ಸೀರಿಯಲೈಸೇಶನ್. ಅದನ್ನು ಇದ್ದ ಹಾಗೆಯೇ ಬರೆಯುವ ಎಲ್ಲ ಸುಲಭ ದಾರಿಗಳೂ ಕೊನೆಗೆ ತಂದು ನಿಲ್ಲಿಸುವುದು ಇಲ್ಲಿಗೇ.

ಕ್ಲಾಸ್ ಬರೆಯುವುದು ಇಂದಿನ ಕೆಲಸಕ್ಕೆ: ಯಾವ ನಿಯಮ ಕಾಯಬೇಕು, ಯಾವ ಲೆಕ್ಕ ಮಾಡಬೇಕು ಎಂಬುದಕ್ಕೆ. ಬರೆದಿಟ್ಟ ಡೇಟಾ ಹಾಗಲ್ಲ. ನಿನ್ನೆಯ ಪ್ರೋಗ್ರಾಂ ಬರೆದದ್ದನ್ನು ನಾಳೆಯ ಪ್ರೋಗ್ರಾಂ ಓದಬೇಕು, ಕೆಲವೊಮ್ಮೆ ಬೇರೆ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓದಬೇಕು. ಈ ಎರಡೂ ಬದಲಾಗುವ ಕಾರಣಗಳು ಬೇರೆ, ವೇಗವೂ ಬೇರೆ. ಎರಡನ್ನೂ ಒಂದೇ ಕ್ಲಾಸಿಗೆ ಹೊರಿಸಿದರೆ ಒಂದನ್ನು ಮುಟ್ಟಿದಾಗಲೆಲ್ಲ ಇನ್ನೊಂದು ಮುರಿಯುತ್ತದೆ.

ಬೆರೆಸಿದರೆ ನಿಜವಾಗಿ ಏನು ಕೆಡುತ್ತದೆ

ಜಾವಾದಲ್ಲಿ 1997ರ ಜೆಡಿಕೆ 1.1ರಿಂದಲೂ ಇರುವ ಸೀರಿಯಲೈಸೇಬಲ್ ಇಂಟರ್‌ಫೇಸ್ ಇದಕ್ಕೆ ಒಳ್ಳೆಯ ಪಾಠ. ಕ್ಲಾಸಿಗೆ ಆ ಒಂದು ಪದ ಸೇರಿಸಿದರೆ ಸಾಕು, ಉಳಿದದ್ದನ್ನು ರನ್‌ಟೈಮ್ ನೋಡಿಕೊಳ್ಳುತ್ತದೆ. ಆದರೆ ಸೀರಿಯಲ್‌ವರ್ಶನ್‌ಯುಐಡಿ ಎಂಬ ಸಂಖ್ಯೆಯನ್ನು ನೀವೇ ಕೊಡದಿದ್ದರೆ, ಕ್ಲಾಸಿನ ಹೆಸರು, ಇಂಟರ್‌ಫೇಸ್‌ಗಳು, ಫೀಲ್ಡ್‌ಗಳು, ಪ್ರೈವೇಟ್ ಅಲ್ಲದ ಮೆಥಡ್‌ಗಳು ಎಲ್ಲವನ್ನೂ ಸೇರಿಸಿ ಅದು 64 ಬಿಟ್‌ಗಳ ಒಂದು ಹ್ಯಾಶ್ ಲೆಕ್ಕ ಹಾಕುತ್ತದೆ. ಡೇಟಾಗೆ ಸಂಬಂಧವೇ ಇಲ್ಲದ ಒಂದು ಪಬ್ಲಿಕ್ ಮೆಥಡ್ ಸೇರಿಸಿದರೂ ಸಂಖ್ಯೆ ಬದಲಾಗಿ, ಹಳೆಯ ಫೈಲ್ ಓದುವಾಗ ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಶನ್ ಬರುತ್ತದೆ. ಸಂಖ್ಯೆಯನ್ನು ನೀವೇ ಕೊಟ್ಟಿದ್ದರೆ ಇನ್ನೂ ಅಪಾಯ: ಫೀಲ್ಡಿನ ಹೆಸರು ಬದಲಾದಾಗ ಎರರ್ ಬರುವುದಿಲ್ಲ, ಹಳೆಯ ಮೌಲ್ಯ ಸದ್ದಿಲ್ಲದೆ ಬಿದ್ದುಹೋಗಿ ಹೊಸ ಫೀಲ್ಡಿನಲ್ಲಿ ನಲ್ (ಏನೂ ಇಲ್ಲ ಎಂಬ ಮೌಲ್ಯ) ಅಥವಾ 0 ಕೂರುತ್ತದೆ. ಗಲಾಟೆ ಮಾಡಿ ಬೀಳುವ ಪ್ರೋಗ್ರಾಂಗಿಂತ ಇದು ಕೆಟ್ಟದ್ದು.

ಎರಡನೆಯ ತೊಂದರೆ ಕನ್‌ಸ್ಟ್ರಕ್ಟರಿಗೆ ಸಂಬಂಧಿಸಿದ್ದು. ಈ ದಾರಿಯಲ್ಲಿ ಓದುವಾಗ ಆ ಕ್ಲಾಸಿನ ಕನ್‌ಸ್ಟ್ರಕ್ಟರ್ ಓಡುವುದೇ ಇಲ್ಲ. ಪೈಥಾನಿನಲ್ಲಿ ಇದೇ ಕೆಲಸ ಮಾಡುವ ಪಿಕಲ್ ಮಾಡ್ಯೂಲ್ ಕೂಡ ಸಾಮಾನ್ಯವಾಗಿ ಇನಿಟ್ ಮೆಥಡನ್ನು (ಅಲ್ಲಿನ ಕನ್‌ಸ್ಟ್ರಕ್ಟರನ್ನು) ಕರೆಯುವುದಿಲ್ಲ. ‘ಕೊನೆಯ ಸಮಯ ಶುರುವಿನ ನಂತರವೇ ಇರಬೇಕು’ ಎಂದು ಕನ್‌ಸ್ಟ್ರಕ್ಟರಿನಲ್ಲಿ ನೀವು ಎಚ್ಚರದಿಂದ ಬರೆದ ಪರೀಕ್ಷೆ ಹಿಂಬಾಗಿಲಿನಿಂದ ಬಂದ ಆಬ್ಜೆಕ್ಟಿಗೆ ಅನ್ವಯಿಸುವುದಿಲ್ಲ. ಜಾವಾ 16ರಲ್ಲಿ (2021) ಭಾಷೆಯ ಖಾಯಂ ಭಾಗವಾದ ರೆಕಾರ್ಡ್‌ಗಳನ್ನು (ಡೇಟಾ ಹಿಡಿಯಲೆಂದೇ ಇರುವ ಸರಳ ಕ್ಲಾಸ್‌ಗಳನ್ನು) ಮಾತ್ರ ಅವುಗಳ ಕನ್‌ಸ್ಟ್ರಕ್ಟರ್ ಮೂಲಕವೇ ಮರಳಿ ಕಟ್ಟಲಾಗುತ್ತದೆ. ಭಾಷೆಯನ್ನು ರೂಪಿಸಿದವರೇ ಈ ತಪ್ಪನ್ನು ತಿದ್ದಿದ ರೀತಿ ಅದು.

ಮೂರನೆಯದು ಸುರಕ್ಷತೆ. ಯಾವ ಕ್ಲಾಸಿನ ಆಬ್ಜೆಕ್ಟ್ ಸೃಷ್ಟಿಯಾಗಬೇಕು ಎಂಬುದನ್ನು ಬಂದ ಡೇಟಾವೇ ತೀರ್ಮಾನಿಸುವಂತಿದ್ದರೆ, ಡೇಟಾ ಕಳಿಸುವವರ ಕೈಗೆ ನಿಮ್ಮ ಪ್ರೋಗ್ರಾಂ ಕೊಟ್ಟಂತೆ. 2015ರಲ್ಲಿ ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಲೈಬ್ರರಿಯ ಕ್ಲಾಸ್‌ಗಳನ್ನೇ ಸರಪಳಿಯಂತೆ ಜೋಡಿಸಿ ಸರ್ವರ್‌ಗಳಲ್ಲಿ ಬೇಕಾದ ಆಜ್ಞೆ ಓಡಿಸಬಹುದು ಎಂಬುದು ಎಲ್ಲರಿಗೂ ಗೊತ್ತಾಯಿತು. ನಂಬಿಕೆಯಿಲ್ಲದ ಮೂಲದ ಡೇಟಾವನ್ನು ಪಿಕಲ್‌ನಿಂದ ಓದಬೇಡಿ ಎಂದು ಪೈಥಾನ್ ದಾಖಲೆಗಳೇ ಎಚ್ಚರಿಸುತ್ತವೆ. ಮೈಕ್ರೋಸಾಫ್ಟ್ ಇದೇ ಬಗೆಯ ತನ್ನ ಸೀರಿಯಲೈಸರ್ ಆದ ಬೈನರಿಫಾರ್ಮ್ಯಾಟರನ್ನು 2024ರ ಡಾಟ್‌ನೆಟ್ 9ರಿಂದ ತೆಗೆದೇ ಹಾಕಿತು. ಈಗ ಅದನ್ನು ಕರೆದರೆ ಎಕ್ಸೆಪ್ಶನ್ ಬರುತ್ತದೆ.

ಡೇಟಾವನ್ನು ಪಠ್ಯವಾಗಿ ಬರೆಯುವ ಜೇಸನ್ ರೂಪ ಬಳಸಿದ ಮಾತ್ರಕ್ಕೆ ಇವೆಲ್ಲ ಮಾಯವಾಗುವುದಿಲ್ಲ. ಜಾವಾದ ಜಾಕ್‌ಸನ್‌ನಂಥ ಜೇಸನ್ ಲೈಬ್ರರಿ ಪಬ್ಲಿಕ್ ಗೆಟರ್‌ಗಳನ್ನೆಲ್ಲ (ಮೌಲ್ಯ ಓದಿ ಕೊಡುವ ಮೆಥಡ್‌ಗಳನ್ನೆಲ್ಲ) ತಾನಾಗಿಯೇ ಹುಡುಕಿ ಬರೆಯುತ್ತದೆ. ಸ್ಕ್ರೀನಿಗೆ ಬೇಕೆಂದು ಯಾರೋ ‘ಗೆಟ್’ನಿಂದ ಶುರುವಾಗುವ ಒಂದು ಲೆಕ್ಕದ ಮೆಥಡ್ ಸೇರಿಸಿದರೆ, ಮರುದಿನದಿಂದ ಫೈಲಿನಲ್ಲಿ ಒಂದು ಹೊಸ ಫೀಲ್ಡ್. ಅದನ್ನು ಓದುವಾಗ ಜಾಕ್‌ಸನ್ 2 ‘ಇದು ಗೊತ್ತಿಲ್ಲದ ಫೀಲ್ಡ್’ ಎಂದು ಬಿದ್ದುಬಿಡುತ್ತದೆ.

ಹಂತ 1: ಯಾವ ಡೇಟಾ ಎಷ್ಟು ಕಾಲ ಬದುಕುತ್ತದೆ ಎಂದು ಪಟ್ಟಿ ಮಾಡಿ

ಕೋಡ್ ಮುಟ್ಟುವ ಮೊದಲು, ಆಬ್ಜೆಕ್ಟ್‌ಗಳು ಬೈಟ್‌ಗಳಾಗಿ ಹೊರಹೋಗುವ ಎಲ್ಲ ಜಾಗಗಳನ್ನು ಹುಡುಕಿ: ಫೈಲ್, ಡೇಟಾಬೇಸಿನ ಬ್ಲಾಬ್ (ಕಚ್ಚಾ ಬೈಟ್‌ಗಳ) ಕಾಲಂ, ಕ್ಯೂ, ಕ್ಯಾಶೆ, ಸೆಷನ್, ಎಪಿಐ. ಪ್ರತಿಯೊಂದರ ಎದುರು ಎರಡೇ ಉತ್ತರ ಬರೆಯಿರಿ. ಇದು ಎಷ್ಟು ಕಾಲ ಉಳಿಯುತ್ತದೆ? ಓದುವವರು ಯಾರು?

ಐದು ನಿಮಿಷ ಬದುಕುವ, ಅದೇ ಪ್ರೋಗ್ರಾಂ ಓದುವ, ಕಳೆದುಹೋದರೆ ಮತ್ತೆ ಲೆಕ್ಕ ಹಾಕಬಹುದಾದ ಕ್ಯಾಶೆಗೆ ಇಷ್ಟೆಲ್ಲ ಶ್ರಮ ಬೇಡ. ಕ್ಯಾಶೆ ಕೀಯಲ್ಲೇ ಬಿಡುಗಡೆಯ ಸಂಖ್ಯೆ ಸೇರಿಸಿ ಮುಂದೆ ಹೋಗಿ. ಒಂದು ಬಿಡುಗಡೆಗಿಂತ ಹೆಚ್ಚು ಬದುಕುವುದು ಅಥವಾ ಇನ್ನೊಂದು ಪ್ರೋಗ್ರಾಂ ಓದುವುದು ಯಾವುದಿದ್ದರೂ ಮುಂದಿನ ಹಂತಗಳು ಬೇಕು.

ಹಂತ 2: ಈಗಿನ ಡೇಟಾದ ಮಾದರಿಗಳನ್ನು ಎತ್ತಿಡಿ

ಇಂದಿನ ಪ್ರೋಗ್ರಾಂ ಬರೆದ ನಿಜವಾದ ಫೈಲುಗಳಲ್ಲಿ ಕೆಲವನ್ನು, ಖಾಸಗಿ ವಿವರ ಅಳಿಸಿ, ಟೆಸ್ಟ್ ಫೋಲ್ಡರಿಗೆ ಹಾಕಿ. ಎಲ್ಲ ಫೀಲ್ಡ್ ತುಂಬಿದ್ದು ಒಂದು, ಐಚ್ಛಿಕ ಫೀಲ್ಡ್‌ಗಳೆಲ್ಲ ಖಾಲಿ ಇರುವುದು ಒಂದು, ಕನ್ನಡದಂಥ ಲಿಪಿಯ ಪಠ್ಯವಿರುವುದು ಒಂದು, ಸಿಗುವ ಅತ್ಯಂತ ಹಳೆಯದು ಒಂದು. ಕೋಡ್ ಬದಲಾದ ಮೇಲೆ ಇವನ್ನು ಮತ್ತೆ ಸೃಷ್ಟಿಸಲು ಆಗುವುದಿಲ್ಲ. ಹಾಗಾಗಿ ಈ ಹಂತವನ್ನು ಮುಂದೂಡಬೇಡಿ.

ಹಂತ 3: ದಾಖಲೆಯ ರೂಪವನ್ನು ಕ್ಲಾಸ್ ನೋಡದೆ ಬರೆಯಿರಿ

ಸಭಾ ಕೊಠಡಿ ಕಾಯ್ದಿರಿಸುವ ಪ್ರೋಗ್ರಾಂ ಒಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ‘ಬುಕಿಂಗ್’ ಕ್ಲಾಸಿನೊಳಗೆ ಶುರುವಿನ ಕ್ಷಣ, ಅವಧಿ, ಕೊಠಡಿಯ ಆಬ್ಜೆಕ್ಟ್, ಸಂಘಟಕರ ಪಟ್ಟಿ, ಸ್ಥಿತಿ, ಜೊತೆಗೆ ಒಂದು ಲಾಗರ್ ಮತ್ತು ಲೆಕ್ಕ ಹಾಕಿಟ್ಟುಕೊಂಡ ಒಂದು ಮೌಲ್ಯ ಇವೆ. ಹೊರಗೆ ಬರೆಯಬೇಕಾದದ್ದು ಇದಲ್ಲ. ‘ಈ ಬುಕಿಂಗ್ ಬಗ್ಗೆ ಹತ್ತು ವರ್ಷದ ನಂತರ ಓದುವವರಿಗೆ ಯಾವ ಸಂಗತಿಗಳು ಗೊತ್ತಿರಬೇಕು?’ ಎಂದು ಕೇಳಿಕೊಂಡು ದಾಖಲೆ ಬರೆಯಿರಿ:

```
{
  "ವರ್ಶನ್": 3,
  "ಗುರುತು": "100482",
  "ಕೊಠಡಿ": "7",
  "ಶುರು": "2031-04-12 09:30",
  "ಕೊನೆ": "2031-04-12 11:00",
  "ವಲಯ": "ಏಷ್ಯಾ/ಕೋಲ್ಕತಾ",
  "ಸಂಘಟಕರು": ["52", "61"],
  "ಸ್ಥಿತಿ": "ಖಚಿತ"
}
```

ಕ್ಲಾಸಿನೊಳಗೆ ಅವಧಿ, ದಾಖಲೆಯಲ್ಲಿ ಕೊನೆಯ ಸಮಯ. ಈ ವ್ಯತ್ಯಾಸ ಇರಬಹುದು, ಇರಲೂ ಬೇಕು. ನಾಳೆ ಕ್ಲಾಸ್ ಒಳಗಡೆ ಹೇಗೆ ಬದಲಾದರೂ ದಾಖಲೆ ಅಲುಗಾಡಬಾರದು. ಕೋಡಿನಲ್ಲಿ ಈ ದಾಖಲೆಗೆ ‘ಬುಕಿಂಗ್‌ದಾಖಲೆ’ ಎಂಬ ಪ್ರತ್ಯೇಕ ಟೈಪ್ ಮಾಡಿ. ಅದರಲ್ಲಿ ಪಠ್ಯ, ಸಂಖ್ಯೆ, ಹೌದು-ಅಲ್ಲ, ಪಟ್ಟಿ ಇಷ್ಟೇ ಇರಲಿ. ಲೆಕ್ಕ ಮಾಡುವ ಮೆಥಡ್ ಒಂದೂ ಬೇಡ. ಲೈಬ್ರರಿಯ ಆನೋಟೇಶನ್‌ಗಳು ಬೇಕಿದ್ದರೆ ಈ ಟೈಪಿನ ಮೇಲೆ ಬರಲಿ, ಬುಕಿಂಗ್ ಕ್ಲಾಸಿನ ಮೇಲೆ ಅಲ್ಲ.

ಲಾಗರ್, ಲಾಕ್, ಡೇಟಾಬೇಸ್ ಸಂಪರ್ಕ ದಾಖಲೆಗೆ ಬರುವುದಿಲ್ಲ. ಬೇರೆ ಫೀಲ್ಡ್‌ಗಳಿಂದ ಲೆಕ್ಕ ಹಾಕಬಹುದಾದದ್ದೂ ಬೇಡ, ಒಂದು ವಿನಾಯಿತಿ ಬಿಟ್ಟು: ಅಂದು ಹೊರಬಿದ್ದ ಫಲಿತಾಂಶವನ್ನು ಅಂದಿನಂತೆಯೇ ಉಳಿಸಬೇಕಿದ್ದರೆ ಬರೆದಿಡಿ. ಗ್ರಾಹಕರಿಗೆ ಕೊಟ್ಟಾಗಿರುವ ಬಿಲ್ಲಿನ ತೆರಿಗೆ ಮೊತ್ತ ಇಂದಿನ ಸೂತ್ರದಿಂದ ಬದಲಾಗಕೂಡದು.

ಹಂತ 4: ಒಂದೊಂದು ಮೌಲ್ಯವನ್ನೂ ಯೋಚಿಸಿ ಬರೆಯಿರಿ

ಹೆಚ್ಚಿನ ಡೇಟಾ ಹಾಳಾಗುವುದು ಇಲ್ಲಿ.

ಸಮಯದಲ್ಲಿ ಎರಡು ಬಗೆ. ನಡೆದುಹೋದ ಘಟನೆಗೆ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಕ್ಷಣ ಸಾಕು. ಮುಂದೆ ನಡೆಯಬೇಕಾದ ಸಭೆಗೆ ಸ್ಥಳೀಯ ಸಮಯ ಮತ್ತು ವಲಯದ ಹೆಸರು ಎರಡೂ ಬೇಕು, ಏಕೆಂದರೆ ಸರ್ಕಾರಗಳು ಬೇಸಿಗೆ ಸಮಯದ ನಿಯಮ ಬದಲಿಸುತ್ತವೆ. ಆಗ ಮೊದಲೇ ಲೆಕ್ಕ ಹಾಕಿಟ್ಟ ಯುಟಿಸಿ ಕ್ಷಣ ಒಂದು ಗಂಟೆ ತಪ್ಪುತ್ತದೆ. ‘+02:00’ ಎಂಬ ಅಂತರ ವಲಯದ ಹೆಸರಿಗೆ ಬದಲಿ ಅಲ್ಲ. ಅವಧಿಯಿಂದ ಕೊನೆಯ ಸಮಯ ಪಡೆಯುವಾಗಲೂ ವಲಯದ ಮೂಲಕವೇ ಲೆಕ್ಕ ಹಾಕಿ, ಗಡಿಯಾರ ಹಿಂದೆ ಸರಿಯುವ ರಾತ್ರಿ ಬರಿಯ ಕೂಡಿಕೆ ತಪ್ಪುತ್ತದೆ.

ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಯ ಟೈಪ್ 9007199254740991ಕ್ಕಿಂತ ದೊಡ್ಡ ಪೂರ್ಣಾಂಕಗಳನ್ನೆಲ್ಲ ನಿಖರವಾಗಿ ಹಿಡಿಯಲಾರದು. 64 ಬಿಟ್‌ನ ಗುರುತು ಸಂಖ್ಯೆಯನ್ನು ಜೇಸನ್‌ನಲ್ಲಿ ಸಂಖ್ಯೆಯಾಗಿ ಕಳಿಸಿದರೆ ಕೊನೆಯ ಅಂಕಿಗಳು ಬದಲಾಗಬಹುದು, ಎರರ್ ಮಾತ್ರ ಬರುವುದಿಲ್ಲ. ಗುರುತುಗಳು ಯಾವಾಗಲೂ ಪಠ್ಯವಾಗಿರಲಿ. ಹಣವನ್ನು ಫ್ಲೋಟ್ ಆಗಿ ಬರೆಯಬೇಡಿ: ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲಿ ಪೂರ್ಣಾಂಕ, ಇಲ್ಲವೇ ದಶಮಾಂಶದ ಪಠ್ಯ, ಜೊತೆಗೆ ಕರೆನ್ಸಿಯ ಸಂಕೇತ. ನಾಟ್-ಎ-ನಂಬರ್ ಮತ್ತು ಅನಂತಕ್ಕೆ ಜೇಸನ್‌ನಲ್ಲಿ ಜಾಗವೇ ಇಲ್ಲ. ಅವು ಬರಬಹುದಾದ ಕಡೆ ಏನು ಬರೆಯಬೇಕೆಂದು ಮೊದಲೇ ನಿರ್ಧರಿಸಿ. ಸಂಖ್ಯೆಯನ್ನು ಪಠ್ಯ ಮಾಡುವಾಗ ಲೊಕೇಲ್ (ಆಯಾ ದೇಶ-ಭಾಷೆಯ ಬರೆಯುವ ಪದ್ಧತಿ) ಬಳಸಬೇಡಿ, ಕೆಲವು ಲೊಕೇಲ್‌ಗಳಲ್ಲಿ ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಬರುತ್ತದೆ.

ಈನಮ್‌ಗಳನ್ನು (ಸ್ಥಿತಿಯಂತೆ ನಿಗದಿತ ಹೆಸರುಗಳ ಪಟ್ಟಿಯಿಂದ ಬರುವ ಮೌಲ್ಯಗಳನ್ನು) ಕ್ರಮಸಂಖ್ಯೆಯಿಂದ ಬರೆಯುವುದು ದೊಡ್ಡ ತಪ್ಪು. ಪಟ್ಟಿಯ ನಡುವೆ ಒಂದು ಹೊಸ ಸ್ಥಿತಿ ಸೇರಿಸಿದರೆ ಹಳೆಯ ‘ರದ್ದು’ಗಳೆಲ್ಲ ‘ಖಚಿತ’ ಆಗಬಹುದು. ಕೋಡಿನಲ್ಲಿರುವ ಹೆಸರನ್ನೂ ನೇರವಾಗಿ ಬಳಸದೆ, ಮ್ಯಾಪರಿನಲ್ಲಿ (ಕ್ಲಾಸ್ ಮತ್ತು ದಾಖಲೆಯ ನಡುವೆ ಮೌಲ್ಯ ಸಾಗಿಸುವ ಕೋಡಿನಲ್ಲಿ) ಪ್ರತಿಯೊಂದಕ್ಕೂ ಸ್ಥಿರವಾದ ಸಂಕೇತ ಕೊಡಿ.

ಇನ್ನು ಖಾಲಿತನ. ಫೀಲ್ಡೇ ಇಲ್ಲದಿರುವುದು, ಇದ್ದೂ ನಲ್ ಆಗಿರುವುದು, ಖಾಲಿ ಪಟ್ಟಿ: ಮೂರೂ ಬೇರೆ ಬೇರೆ. ಪ್ರತಿ ಐಚ್ಛಿಕ ಫೀಲ್ಡಿಗೂ ಈ ಮೂರರ ಅರ್ಥವನ್ನು ಒಂದು ಸಾಲಿನಲ್ಲಿ ಬರೆದಿಡಿ.

ಗೂಗಲ್‌ನ ಬೈನರಿ ರೂಪವಾದ ಪ್ರೋಟೋಕಾಲ್ ಬಫರ್ಸ್ ಬಳಸುವುದಾದರೆ ಫೀಲ್ಡಿನ ಹೆಸರಲ್ಲ, ಸಂಖ್ಯೆ ಮುಖ್ಯ. 1ರಿಂದ 15ರವರೆಗಿನ ಸಂಖ್ಯೆಗಳ ಟ್ಯಾಗ್ ಒಂದೇ ಬೈಟಿನಲ್ಲಿ ಹಿಡಿಯುತ್ತದೆ, ಪದೇ ಪದೇ ಬರುವ ಫೀಲ್ಡ್‌ಗಳಿಗೆ ಅವನ್ನು ಮೀಸಲಿಡಿ. 19000–19999 ಬಳಸುವಂತಿಲ್ಲ. ತೆಗೆದುಹಾಕಿದ ಫೀಲ್ಡಿನ ಸಂಖ್ಯೆಯನ್ನು ‘ರಿಸರ್ವ್ಡ್’ ಎಂದು ಗುರುತಿಸಿ. ಮರುಬಳಕೆ ಮಾಡಿದರೆ ಹಳೆಯ ಬೈಟ್‌ಗಳು ಹೊಸ ಅರ್ಥದಲ್ಲಿ ಓದಿಸಿಕೊಳ್ಳುತ್ತವೆ. ಅದರ ಕಂಪೈಲರ್ ಹುಟ್ಟಿಸುವ ಕ್ಲಾಸ್‌ಗಳೇ ನಿಮ್ಮ ದಾಖಲೆ ಟೈಪ್‌ಗಳು. ಅವನ್ನೇ ಪ್ರೋಗ್ರಾಂ ತುಂಬ ಓಡಾಡಿಸಿದರೆ ಬೇರ್ಪಡಿಸಿದ ಲಾಭವೆಲ್ಲ ಹೋಯಿತು.

ಹಂತ 5: ಕ್ಲಾಸಿಗೆ ಎರಡು ಬಾಗಿಲು, ನಡುವೆ ಒಂದು ಮ್ಯಾಪರ್

ಬುಕಿಂಗ್ ಕ್ಲಾಸಿನಲ್ಲಿ ಆಬ್ಜೆಕ್ಟ್ ಹುಟ್ಟುವ ದಾರಿ ಎರಡಿರಲಿ:

```
ಬುಕಿಂಗ್.ಹೊಸದು(ಕೊಠಡಿ, ಶುರು, ಅವಧಿ, ಸಂಘಟಕರು)
ಬುಕಿಂಗ್.ಮರಳಿಕಟ್ಟು(ಗುರುತು, ಕೊಠಡಿ, ಶುರು, ಅವಧಿ, ಸಂಘಟಕರು, ಸ್ಥಿತಿ)
```

‘ಹೊಸದು’ ಹೊಸ ಗುರುತು ಕೊಡುತ್ತದೆ, ಈಗಿನ ಸಮಯ ನೋಡುತ್ತದೆ, ಮೇಲ್ ಕಳಿಸುವ ಘಟನೆ ಹುಟ್ಟಿಸುತ್ತದೆ. ‘ಮರಳಿಕಟ್ಟು’ ಇವ್ಯಾವುದನ್ನೂ ಮಾಡಬಾರದು. ಮಾಡಿದರೆ ಫೈಲ್ ತೆರೆದಾಗಲೆಲ್ಲ ಎಲ್ಲರಿಗೂ ಮತ್ತೆ ಮೇಲ್ ಹೋಗುತ್ತದೆ.

ನಿಯಮಗಳನ್ನು ಇಲ್ಲಿ ಎರಡಾಗಿ ಒಡೆಯಬೇಕು. ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಜಾಗ ಇದೇ. ‘ಅವಧಿ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬುದು ಮುರಿದರೆ ಅದು ಬುಕಿಂಗೇ ಅಲ್ಲ, ಎರಡೂ ಬಾಗಿಲಲ್ಲಿ ಪರೀಕ್ಷಿಸಿ. ‘ಒಂದು ಬುಕಿಂಗ್ 8 ಗಂಟೆ ಮೀರಬಾರದು’ ಎಂಬುದು ಕಳೆದ ತಿಂಗಳು ಬಂದ ನೀತಿ ಎಂದುಕೊಳ್ಳಿ. ಅದನ್ನು ‘ಮರಳಿಕಟ್ಟು’ವಿನಲ್ಲೂ ಹಾಕಿದರೆ, ಅದಕ್ಕೂ ಮೊದಲು ನ್ಯಾಯವಾಗಿಯೇ ಮಾಡಿದ 10 ಗಂಟೆಯ ಬುಕಿಂಗ್‌ಗಳು ಇನ್ನು ಓದಲು ಸಿಗುವುದಿಲ್ಲ. ಅದು ‘ಹೊಸದು’ ಬಾಗಿಲಿಗೆ ಮಾತ್ರ. ‘ಶುರು ಮುಂದಿನ ಸಮಯವಾಗಿರಬೇಕು’ ಎಂಬುದೂ ಹಾಗೆಯೇ, ಇಲ್ಲದಿದ್ದರೆ ಪ್ರತಿ ಬುಕಿಂಗೂ ಒಂದು ದಿನ ಓದಲಾಗದ್ದಾಗುತ್ತದೆ. ಯಾವ ನಿಯಮ ಯಾವ ಬಗೆಯದು ಎಂಬುದರಲ್ಲಿ ಅನುಮಾನವಿದ್ದರೆ ಹೀಗೆ ಕೇಳಿ: ಇದನ್ನು ಮುರಿಯುವ ಹಳೆಯ ದಾಖಲೆ ಸಿಕ್ಕರೆ ಅದು ಹಾಳಾದ ಡೇಟಾವೋ, ಹಳೆಯ ಕಾಲದ ಡೇಟಾವೋ?

ಹೊರಹೋಗುವ ದಿಕ್ಕಿಗೆ ಪ್ರತಿ ಫೀಲ್ಡಿಗೂ ಗೆಟರ್ ಬರೆಯುವ ಅಗತ್ಯವಿಲ್ಲ. ಓದಲಷ್ಟೇ ಬರುವ ಒಂದು ‘ಸ್ಥಿತಿಚಿತ್ರ’ವನ್ನು ಕ್ಲಾಸ್ ಹಿಂತಿರುಗಿಸಲಿ, ಅಥವಾ ಮ್ಯಾಪರಿಗೆ ಮಾತ್ರ ಕಾಣುವಂತೆ ಅದೇ ಪ್ಯಾಕೇಜಿನಲ್ಲಿಡಿ. ಸಿ++ನಲ್ಲಿ ಬೂಸ್ಟ್ ಲೈಬ್ರರಿ ಕ್ಲಾಸಿನ ಹೊರಗಿನ ಫಂಕ್ಷನ್ ಮೂಲಕ ಸೀರಿಯಲೈಸ್ ಮಾಡಲು ಬಿಡುತ್ತದೆ; ರಸ್ಟ್‌ನಲ್ಲಿ ಸೆರ್ಡೆ ಲೈಬ್ರರಿಯ ‘ಟ್ರೈ ಫ್ರಂ’ ಗುರುತು ಮೊದಲು ದಾಖಲೆ ಟೈಪನ್ನು ಓದಿ, ಆಮೇಲೆ ನಿಮ್ಮ ಪರೀಕ್ಷೆಯ ಮೂಲಕವೇ ನಿಜವಾದ ಟೈಪಿಗೆ ತರುತ್ತದೆ. ಯಾವ ಭಾಷೆಯಾದರೂ ಅವಲಂಬನೆಯ ದಿಕ್ಕು ಒಂದೇ: ಮ್ಯಾಪರಿಗೆ ಬುಕಿಂಗ್ ಗೊತ್ತು, ಬುಕಿಂಗಿಗೆ ಮ್ಯಾಪರ್ ಗೊತ್ತಿಲ್ಲ. ಬುಕಿಂಗ್ ಇರುವ ಫೈಲಿನಲ್ಲಿ ಜೇಸನ್ ಲೈಬ್ರರಿಯ ಇಂಪೋರ್ಟ್ ಒಂದಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಕೆಲಸ ಮುಗಿದಿಲ್ಲ.

ಹಂತ 6: ವರ್ಶನ್ ಮತ್ತು ಮೇಲ್ದರ್ಜೆಗೇರಿಸುವ ಸರಪಳಿ

ಮೊದಲ ದಿನದಿಂದಲೇ ದಾಖಲೆಯಲ್ಲಿ ವರ್ಶನ್ ಸಂಖ್ಯೆ ಇರಲಿ. ರೂಪ ಬದಲಾದಾಗ ಹಳೆಯದನ್ನು ಓದಲು ಮ್ಯಾಪರಿನ ತುಂಬ ‘ಈ ಫೀಲ್ಡ್ ಇಲ್ಲದಿದ್ದರೆ ಆ ಫೀಲ್ಡ್’ ಎಂದು ತುಂಬಿಸಬೇಡಿ. ಒಂದೊಂದು ಹೆಜ್ಜೆಗೂ ಒಂದು ಪುಟ್ಟ ಫಂಕ್ಷನ್: 1ರಿಂದ 2ಕ್ಕೆ, 2ರಿಂದ 3ಕ್ಕೆ. ಓದುವಾಗ ಪಾರ್ಸ್ ಮಾಡಿದ ಕಚ್ಚಾ ಮರವನ್ನು (ಕೀ ಮತ್ತು ಮೌಲ್ಯಗಳ ರಚನೆಯನ್ನು) ಅದರ ವರ್ಶನ್ ನೋಡಿ ಹೆಜ್ಜೆ ಹೆಜ್ಜೆಯಾಗಿ 3ಕ್ಕೆ ತಂದು, ಆಮೇಲಷ್ಟೇ ಬುಕಿಂಗ್‌ದಾಖಲೆ ಟೈಪಿಗೆ ತುಂಬಿ. ಮ್ಯಾಪರಿಗೆ ಇತ್ತೀಚಿನ ವರ್ಶನ್ ಒಂದೇ ಗೊತ್ತಿದ್ದರೆ ಸಾಕು.

ಈ ಹೆಜ್ಜೆಗಳು ಕೀ, ಪಠ್ಯ, ಸಂಖ್ಯೆಗಳನ್ನು ಮಾತ್ರ ಮುಟ್ಟಬೇಕು. ಇಂದಿನ ಬುಕಿಂಗ್ ಕ್ಲಾಸಿನ ಒಂದು ಕಾನ್‌ಸ್ಟಂಟನ್ನೋ ಇಂದಿನ ಸೆಟ್ಟಿಂಗನ್ನೋ ಕರೆದರೆ, ನಾಳೆ ಅದು ಬದಲಾದಾಗ ಐದು ವರ್ಷ ಹಿಂದಿನ ಡೇಟಾದ ಅರ್ಥವೂ ಬದಲಾಗುತ್ತದೆ. ವರ್ಶನ್ 1ರಲ್ಲಿ ವಲಯ ಇರಲಿಲ್ಲ ಎಂದಾದರೆ, ಆ ಕಾಲದಲ್ಲಿ ಯಾವ ವಲಯ ಬಳಕೆಯಲ್ಲಿತ್ತೋ ಅದನ್ನು ಆ ಫಂಕ್ಷನ್ನಿನೊಳಗೇ ನೇರವಾಗಿ ಬರೆಯಿರಿ. ತನಗೆ ಗೊತ್ತಿರುವುದಕ್ಕಿಂತ ದೊಡ್ಡ ವರ್ಶನ್ ಕಂಡರೆ ಊಹಿಸಿ ಓದದೆ ಸ್ಪಷ್ಟ ಸಂದೇಶದೊಂದಿಗೆ ನಿಲ್ಲಲಿ.

ಗೊತ್ತಿಲ್ಲದ ಫೀಲ್ಡ್ ಕಂಡರೆ? ಮನುಷ್ಯರು ಕೈಯಾರೆ ಬರೆಯುವ ಸೆಟ್ಟಿಂಗ್ ಫೈಲಿನಲ್ಲಿ ನಿರಾಕರಿಸಿ, ಅದು ಬಹುಶಃ ಕಾಗುಣಿತದ ತಪ್ಪು. ಕ್ಯೂನಿಂದ ಓದಿ ಬಳಸಿ ಬಿಡುವ ಸಂದೇಶದಲ್ಲಿ ಲೆಕ್ಕಿಸದೆ ಮುಂದೆ ಹೋಗಿ. ಓದಿ, ತಿದ್ದಿ, ಮತ್ತೆ ಬರೆಯುವ ಕಡೆ ಹಾಗೆಯೇ ಉಳಿಸಿ ಬರೆಯಬೇಕು; ಇಲ್ಲದಿದ್ದರೆ ಹಳೆಯ ಪ್ರೋಗ್ರಾಂ ಒಮ್ಮೆ ಸೇವ್ ಮಾಡಿದ ಕೂಡಲೇ ಹೊಸ ಪ್ರೋಗ್ರಾಂ ಸೇರಿಸಿದ್ದು ಅಳಿಸಿಹೋಗುತ್ತದೆ.

ಹಂತ 7: ಸಂಬಂಧಗಳು, ಉಪಕ್ಲಾಸ್‌ಗಳು

ಬುಕಿಂಗಿನೊಳಗೆ ಕೊಠಡಿ, ಕೊಠಡಿಯೊಳಗೆ ಅದರ ಎಲ್ಲ ಬುಕಿಂಗ್‌ಗಳು. ಹೀಗೆ ಸುತ್ತು ಬರುವ ಆಬ್ಜೆಕ್ಟ್‌ಗಳನ್ನು ಜೇಸನ್ ಲೈಬ್ರರಿಗೆ ನೇರವಾಗಿ ಕೊಟ್ಟರೆ ಸಾಮಾನ್ಯವಾಗಿ ಸ್ಟ್ಯಾಕ್ ತುಂಬಿ ಅಥವಾ ಎರರ್ ಬಂದು ಬೀಳುತ್ತದೆ. ದಾಖಲೆಯಲ್ಲಿ ಗುರುತು ಮಾತ್ರ ಬರೆಯಿರಿ. ಓದುವಾಗ ಎರಡು ಸುತ್ತು: ಮೊದಲು ಎಲ್ಲ ಆಬ್ಜೆಕ್ಟ್‌ಗಳನ್ನು ಕಟ್ಟಿ ಗುರುತಿನ ಕೋಷ್ಟಕದಲ್ಲಿಡಿ, ಆಮೇಲೆ ಜೋಡಿಸಿ. ಗುರುತು ಇದ್ದು ಆಬ್ಜೆಕ್ಟ್ ಸಿಗದಿದ್ದರೆ ನಲ್ ಇಟ್ಟು ಸುಮ್ಮನಾಗಬೇಡಿ, ಯಾವ ದಾಖಲೆಯ ಯಾವ ಗುರುತು ಎಂದು ಎರರಿನಲ್ಲಿ ಹೇಳಿ.

ಉಪಕ್ಲಾಸ್‌ಗಳಿದ್ದರೆ ದಾಖಲೆಯಲ್ಲಿ ‘ಬಗೆ’ ಎಂಬ ಫೀಲ್ಡ್, ಅದರಲ್ಲಿ ಚಿಕ್ಕ ಸ್ಥಿರ ಪದ. ಆ ಪದದಿಂದ ಕಟ್ಟುವ ಫಂಕ್ಷನ್ನಿಗೆ ಒಂದೇ ಕಡೆ ಕೋಷ್ಟಕ. ಕ್ಲಾಸಿನ ಪೂರ್ಣ ಹೆಸರನ್ನು ಬರೆದು ಅದರಿಂದಲೇ ಆಬ್ಜೆಕ್ಟ್ ಸೃಷ್ಟಿಸುವ ಸೌಲಭ್ಯ ಲೈಬ್ರರಿಯಲ್ಲಿದ್ದರೂ ಅದನ್ನು ಆಫ್ ಮಾಡಿಡಿ: ಪ್ಯಾಕೇಜ್ ಬದಲಾದರೆ ಡೇಟಾ ಸಾಯುತ್ತದೆ, ಜೊತೆಗೆ ಮೇಲೆ ಹೇಳಿದ ದಾಳಿಗಳಿಗೆ ಬಾಗಿಲು ತೆರೆಯುತ್ತದೆ.

ಹಂತ 8: ಟೆಸ್ಟ್‌ಗಳು

ಆಬ್ಜೆಕ್ಟನ್ನು ಬರೆದು, ಓದಿ, ಹೋಲಿಸುವ ಟೆಸ್ಟನ್ನು ಎಲ್ಲರೂ ಬರೆಯುತ್ತಾರೆ. ಅದು ಬೇಕು, ಆದರೆ ಸಾಲದು. ಬರೆಯುವಲ್ಲೂ ಓದುವಲ್ಲೂ ಕೀಯ ಹೆಸರು ಒಟ್ಟಿಗೆ ಬದಲಾದರೆ ಈ ಟೆಸ್ಟ್ ನೆಮ್ಮದಿಯಾಗಿ ಪಾಸಾಗುತ್ತದೆ, ಹಳೆಯ ಫೈಲುಗಳು ಮಾತ್ರ ಸತ್ತಿರುತ್ತವೆ. ಹಾಗಾಗಿ ಹಂತ 2ರ ಮಾದರಿ ಫೈಲುಗಳನ್ನು ಓದಿ, ಬರಬೇಕಾದ ಮೌಲ್ಯಗಳನ್ನು ಒಂದೊಂದಾಗಿ ಪರೀಕ್ಷಿಸುವ ಟೆಸ್ಟ್ ಮುಖ್ಯ. ಪ್ರತಿ ಹೊಸ ವರ್ಶನ್ನಿಗೂ ಮಾದರಿ ಸೇರಿಸಿ, ಇರುವುದನ್ನು ತಿದ್ದಲೇಬೇಡಿ. ಟೆಸ್ಟ್ ಬಿತ್ತೆಂದು ಮಾದರಿಯನ್ನೇ ಹೊಸದಾಗಿ ಬರೆದುಕೊಂಡರೆ ಇದ್ದ ಒಂದೇ ಕಾವಲೂ ಹೋಯಿತು.

ಕೈಯಿಂದ ಬರೆದ ಮ್ಯಾಪರಿನ ನಿಜವಾದ ದೌರ್ಬಲ್ಯ ಮರೆವು: ಕ್ಲಾಸಿಗೆ ಫೀಲ್ಡ್ ಸೇರಿಸಿ ಮ್ಯಾಪರಿಗೆ ಸೇರಿಸದಿರುವುದು. ಇದಕ್ಕೆ ರಿಫ್ಲೆಕ್ಷನ್ (ಓಡುವಾಗಲೇ ಕ್ಲಾಸಿನ ರಚನೆಯನ್ನು ನೋಡುವ ಸೌಲಭ್ಯ) ಬಳಸುವ ಒಂದು ಟೆಸ್ಟ್ ಬರೆಯಿರಿ. ಕ್ಲಾಸಿನ ಎಲ್ಲ ಫೀಲ್ಡ್‌ಗಳ ಹೆಸರು ತೆಗೆದು, ಪ್ರತಿಯೊಂದೂ ‘ಉಳಿಸುವವು’ ಅಥವಾ ‘ಬೇಕೆಂದೇ ಉಳಿಸದವು’ ಎಂಬ ಎರಡು ಪಟ್ಟಿಗಳಲ್ಲಿ ಒಂದರಲ್ಲಿ ಇದೆಯೇ ಎಂದು ನೋಡಲಿ. ಎರಡರಲ್ಲೂ ಇಲ್ಲದ ಫೀಲ್ಡ್ ಕಂಡರೆ ಬೀಳಲಿ. ರಿಫ್ಲೆಕ್ಷನ್ ಸಲ್ಲುವ ಜಾಗ ಇದು.

ಹೋಲಿಕೆಯ ಒಂದು ಬಲೆ: ಜಾವಾದ ದಶಮಾಂಶ ಸಂಖ್ಯೆಯ ಟೈಪ್ ಆದ ಬಿಗ್‌ಡೆಸಿಮಲ್‌ನಲ್ಲಿ 2.0 ಮತ್ತು 2.00 ‘ಈಕ್ವಲ್ಸ್’ ಪ್ರಕಾರ ಸಮವಲ್ಲ. ಹಾಳಾದ ಡೇಟಾವನ್ನೂ ಕೊಟ್ಟು ನೋಡಿ: ಅರ್ಧಕ್ಕೆ ಕತ್ತರಿಸಿದ ಫೈಲ್, ಸೊನ್ನೆಗಿಂತ ಕಡಿಮೆ ಅವಧಿ, ಸಾವಿರ ಮಟ್ಟ ಆಳದ ಪಟ್ಟಿ.

ಹಂತ 9: ಓಡುತ್ತಿರುವ ಪ್ರೋಗ್ರಾಂನಲ್ಲಿ ಬದಲಾವಣೆ ತರುವುದು

ಹೊಸ ರೂಪ ಎರಡು ಬಿಡುಗಡೆಗಳಲ್ಲಿ ಬರಬೇಕು. ಮೊದಲನೆಯದು ವರ್ಶನ್ 3ನ್ನು ಓದಬಲ್ಲದು, ಬರೆಯುವುದು ಮಾತ್ರ 2. ಅದು ಎಲ್ಲ ಸರ್ವರ್‌ಗಳಿಗೂ ತಲುಪಿದ ಮೇಲೆ ಎರಡನೆಯದು 3ನ್ನು ಬರೆಯಲು ಶುರು ಮಾಡುತ್ತದೆ. ಒಂದೇ ಏಟಿಗೆ ಮಾಡಿದರೆ, ಹೊಸ ಸರ್ವರ್ ಬರೆದದ್ದು ಇನ್ನೂ ಬದಲಾಗದ ಹಳೆಯ ಸರ್ವರಿಗೆ ಸಿಕ್ಕಿದಾಗ ಅದು ಓದಲಾಗದೆ ಬೀಳುತ್ತದೆ. ಬಿಡುಗಡೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೂ ಮುಚ್ಚುತ್ತದೆ.

ಜಾವಾ ಸೀರಿಯಲೈಸೇಶನ್ನಿನ ಹಳೆಯ ಬ್ಲಾಬ್‌ಗಳಿದ್ದರೆ ಹೀಗೆ ಮಾಡಿ. ಹಳೆಯ ಕ್ಲಾಸನ್ನು ಅದೇ ಪ್ಯಾಕೇಜಿನಲ್ಲಿ, ಅದೇ ಹೆಸರಿನಲ್ಲಿ, ಅದೇ ಸೀರಿಯಲ್‌ವರ್ಶನ್‌ಯುಐಡಿಯೊಂದಿಗೆ ಬರೀ ಫೀಲ್ಡ್‌ಗಳ ಚಿಪ್ಪಾಗಿ ಉಳಿಸಿ. ಜೀವಂತ ಕ್ಲಾಸನ್ನು ಬೇರೆ ಪ್ಯಾಕೇಜಿಗೆ ಒಯ್ಯಿರಿ. ಓದುವ ಕೋಡ್ ಮೊದಲ ನಾಲ್ಕು ಬೈಟ್ ನೋಡಲಿ: ಹೆಕ್ಸ್‌ನಲ್ಲಿ ಎಸಿ, ಇಡಿ, 00, 05 ಎಂದಿದ್ದರೆ ಅದು ಜಾವಾ ಸ್ಟ್ರೀಮ್, ಚಿಪ್ಪಿನ ಮೂಲಕ ಓದಿ ದಾಖಲೆಗೆ ತಿರುಗಿಸಿ. ಆ ಓದುವಿಕೆಗೆ ಜಾವಾ 9ರೊಂದಿಗೆ ಬಂದ ಆಬ್ಜೆಕ್ಟ್‌ಇನ್‌ಪುಟ್‌ಫಿಲ್ಟರ್ ಹಾಕಿ, ಚಿಪ್ಪು ಮತ್ತು ಅದಕ್ಕೆ ಬೇಕಾದ ಕ್ಲಾಸ್‌ಗಳಿಗಷ್ಟೇ ಅನುಮತಿ ಕೊಡಿ. ಪಿಕಲ್‌ನಲ್ಲಿ ಅನ್‌ಪಿಕ್ಲರಿನ ‘ಫೈಂಡ್ ಕ್ಲಾಸ್’ ಮೆಥಡನ್ನು ಓವರ್‌ರೈಡ್ ಮಾಡಿದರೆ ಹಳೆಯ ಹೆಸರುಗಳನ್ನು ಚಿಪ್ಪಿಗೆ ತಿರುಗಿಸುವುದೂ ಉಳಿದದ್ದನ್ನು ತಡೆಯುವುದೂ ಒಟ್ಟಿಗೆ ಆಗುತ್ತದೆ.

ದಾಖಲೆಗೊಂದು ಹೆಚ್ಚುವರಿ ನಕಲು ಮಾಡುವುದರಿಂದ ನಿಧಾನವಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಡಿಸ್ಕ್, ನೆಟ್‌ವರ್ಕ್ ಮುಟ್ಟುವ ಕಡೆ ಆ ನಕಲಿನ ಖರ್ಚು ಸಾಮಾನ್ಯವಾಗಿ ಗಣನೆಗೆ ಬರುವುದಿಲ್ಲ. ವೇಗ ಅಳೆಯುವ ಪ್ರೊಫೈಲರಿನಲ್ಲಿ ಅದು ನಿಜವಾಗಿ ಕಂಡರೆ, ದಾಖಲೆ ಟೈಪನ್ನು ಬಿಟ್ಟು ಮ್ಯಾಪರಿನಿಂದಲೇ ಸ್ಟ್ರೀಮಿಗೆ ನೇರವಾಗಿ ಬರೆಯಿರಿ. ಆಗಲೂ ಆ ಕೋಡ್ ಬುಕಿಂಗ್ ಕ್ಲಾಸಿನ ಹೊರಗೇ ಇರುತ್ತದೆ.

ಹಳೆಯ ಹೆಜ್ಜೆಯ ಫಂಕ್ಷನ್‌ಗಳನ್ನು ಮತ್ತು ಚಿಪ್ಪುಗಳನ್ನು ಅಳಿಸಲು ಅವಸರ ಬೇಡ. ಪ್ರತಿ ವರ್ಶನ್ ಎಷ್ಟು ಬಾರಿ ಓದಲ್ಪಡುತ್ತಿದೆ ಎಂಬ ಎಣಿಕೆಯನ್ನು ಲಾಗಿಗೆ ಹಾಕಿ, ಉಳಿದ ಹಳೆಯ ದಾಖಲೆಗಳನ್ನು ಒಂದು ಹಿನ್ನೆಲೆಯ ಕೆಲಸದಿಂದ ಹೊಸ ವರ್ಶನ್ನಿಗೆ ಬರೆದು ಮುಗಿಸಿ. ಎಣಿಕೆ ಸೊನ್ನೆಯಾದ ಮೇಲೂ ಬ್ಯಾಕಪ್‌ಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರೋ ಅಷ್ಟು ಕಾಲ ಕಾಯಿರಿ. ಹಳೆಯ ಬ್ಯಾಕಪ್ ಮರಳಿ ತಂದ ದಿನ ಅದರಲ್ಲಿರುವುದು ವರ್ಶನ್ 1ರ ದಾಖಲೆಗಳೇ.